ಎರಡು ದಡದ ಎಣಿಕೆ

೧೯೮೮ರಲ್ಲಿ ನಾನು ನೀರಾವರಿ ಇಲಾಖೆಯ ಸಹಾಯಕ ಎಂಜಿನಿಯರ್ ಆಗಿ ಸಿಂಧನೂರಿನಲ್ಲಿದ್ದೆ. ಕಾಲೇಜು ಮುಗಿಸಿ ಬಂದ ನನಗೆ ಅದು ಮೊದಲ ಹುದ್ದೆ. ತುರ್ವಿಹಾಳದ ಕಡೆಯಿಂದ ಮಸ್ಕಿಯ ಕಡೆಗೆ ಹರಿಯುವ ಒಂದು ಡಿಸ್ಟ್ರಿಬ್ಯೂಟರಿ, ಅಂದರೆ ಮುಖ್ಯ ಕಾಲುವೆಯಿಂದ ಕವಲೊಡೆದ ಉಪಕಾಲುವೆ, ನನ್ನ ಸುಪರ್ದಿಗೆ ಬಂದಿತ್ತು. ಅದರ ನಡುಭಾಗದಲ್ಲೊಂದು ರೆಗ್ಯುಲೇಟರ್. ಕಾಲುವೆಗೆ ಅಡ್ಡಲಾಗಿ ಗೋಡೆ, ಗೋಡೆಯಲ್ಲಿ ಏರಿಳಿಸುವ ಕಬ್ಬಿಣದ ಗೇಟು, ಗೇಟಿಗೆ ಉದ್ದನೆಯ ಸ್ಕ್ರೂ ರಾಡು. ಗೇಟ್‌ಮನ್ ನಿಂತು ಹ್ಯಾಂಡಲ್ ತಿರುಗಿಸಲೆಂದು ಮೇಲೊಂದು ಕಿರಿದಾದ ಕಾಂಕ್ರೀಟ್ ಹಾದಿ, ಅದಕ್ಕೆ ತುಕ್ಕು ಹಿಡಿದ ಪೈಪಿನ ಕಟಕಟೆ. ಪಕ್ಕದಲ್ಲೇ ಬೇವಿನ ಮರಗಳ ನೆರಳಲ್ಲಿ ನಮ್ಮ ತಪಾಸಣಾ ಬಂಗಲೆ.

ಆ ವರ್ಷದ ನಾಟಿ ಹಂಗಾಮಿನಲ್ಲಿ ಒಂದು ರಾಜಕೀಯ ಪಕ್ಷದವರು ಸಭೆಗೆಂದು ಬಂಗಲೆ ಕೇಳಿದರು. ಪಕ್ಷದ ಹೆಸರು ಇಲ್ಲಿ ಬೇಡ. ಒಂದು ಕಾಲಕ್ಕೆ ಈ ಭಾಗದಲ್ಲಿ ಗಟ್ಟಿಯಾಗಿದ್ದದ್ದು, ಸೋತು ಸೋತು ಸೊರಗಿತ್ತು. ಸಿಂಧನೂರು, ಲಿಂಗಸುಗೂರು, ಮಸ್ಕಿ ಎಲ್ಲ ಸೇರಿಸಿ ಒಬ್ಬ ಅಧ್ಯಕ್ಷನನ್ನು ಆರಿಸಬೇಕಿತ್ತು. ಸರ್ಕಾರಿ ನೌಕರನಿಗೆ ಪಕ್ಷದ ಸಭೆಯಲ್ಲಿ ಏನೂ ಕೆಲಸವಿಲ್ಲ. ಆದರೆ ಬಂಗಲೆಯ ಬೀಗವೂ ಕಾಲುವೆಯ ಗೇಟೂ ನನ್ನ ಜವಾಬ್ದಾರಿಯಾಗಿದ್ದರಿಂದ ನಾನು ಅಲ್ಲಿರಲೇಬೇಕಾಯಿತು.

ಸ್ಪರ್ಧೆಗೆ ಇಬ್ಬರು. ಒಬ್ಬರು ಶರಣೇಗೌಡರು. ಕಾಲುವೆಯ ಮೇಲ್ಭಾಗದ ದೊಡ್ಡ ರೈತರು, ಜೀಪು ಇಟ್ಟವರು. ಪಕ್ಷ ಮತ್ತೆ ಏಳಬೇಕಾದರೆ ಅಧಿಕಾರಿಗಳ ಮುಂದೆ ಕುರ್ಚಿ ಎಳೆದುಕೊಂಡು ಕೂರಬಲ್ಲವರು ಬೇಕು ಎಂಬುದು ಅವರ ಕಡೆಯವರ ವಾದ. ಇನ್ನೊಬ್ಬ ಹುಸೇನಪ್ಪ, ಕಾಲುವೆಯ ಬಾಲದಲ್ಲಿ, ಅಂದರೆ ನೀರು ಕೊನೆಗೆ ತಲುಪುವ ತುದಿಯಲ್ಲಿರುವ ಹಳ್ಳಿಯವನು. ನಕಾಶೆಯಲ್ಲಿ ಅವನ ತುಂಡು ಹೊಲಕ್ಕೂ ನೀರಾವರಿ ಇತ್ತು. ನೀರು ಮಾತ್ರ ಅಪರೂಪಕ್ಕೆ ಬರುತ್ತಿತ್ತು. ಅವನ ಹಿಂದೆ ಇದ್ದವರು ಕೆಳಭಾಗದ ಸಣ್ಣ ರೈತರು, ಮೇಲ್ಭಾಗದ ಗದ್ದೆಗಳಿಗೆ ನಾಟಿಗೆ ಹೋಗುವ ಹೆಣ್ಣುಮಕ್ಕಳು, ಲಿಂಗಸುಗೂರು ಕಡೆಯ ಒಣಬೇಸಾಯದವರು. ಈ ಸಲವೂ ತಮ್ಮ ಮಾತಿಗೆ ಬೆಲೆ ಸಿಗದಿದ್ದರೆ ಪಕ್ಷ ಬಿಡುವುದೆಂದು ಅವರು ತೀರ್ಮಾನಿಸಿಕೊಂಡೇ ಬಂದಿದ್ದರು.

ಬೆಂಗಳೂರಿನಿಂದ ಬಂದಿದ್ದ ವೀಕ್ಷಕರು ಮೊದಲು ಕೈ ಎತ್ತಿಸಿ ಎಣಿಸಿದರು. ಯಾರೋ ಎರಡೂ ಕೈ ಎತ್ತಿದ್ದಾರೆಂದು ಗದ್ದಲವಾಯಿತು. ಇನ್ನೊಮ್ಮೆ ಎಣಿಸಿದರು, ಗದ್ದಲ ಇನ್ನೂ ಜಾಸ್ತಿಯಾಯಿತು. ಕೊನೆಗೆ ಅವರು ಬೇಸತ್ತು, "ಗೌಡರ ಕಡೆಯವರು ಈ ದಡದಲ್ಲೇ ಇರಿ. ಹುಸೇನಪ್ಪನವರ ಕಡೆಯವರು ಆಚೆ ದಡಕ್ಕೆ ಹೋಗಿ. ನಡುವೆ ನೀರಿದ್ದರೆ ಯಾರೂ ಎರಡು ಕಡೆ ನಿಲ್ಲೋಕಾಗಲ್ಲ" ಅಂದರು. ಕೇಳುವುದಕ್ಕೆ ಜಾಣತನದ ಮಾತಾಗಿಯೇ ಇತ್ತು.

ಗುಂಪಿನಲ್ಲಿದ್ದ ಹುಲಿಗೆಮ್ಮ ಎಂಬ ನಡುವಯಸ್ಸಿನ ಹೆಂಗಸು ತಟ್ಟನೆ ಕೇಳಿದಳು: "ನೆರಳು ಅವರಿಗೆ, ಬಿಸಲು ನಮಗ. ಎಣಸೂದ್ರಾಗೂ ಹಿಂಗ ಏನ್ರಿ ಸಾಹೇಬ್ರ?"

ಎಲ್ಲರೂ ನಕ್ಕರು. ನಾನು ವೀಕ್ಷಕರ ಹತ್ತಿರ ಹೋಗಿ, ಆಚೆ ದಡಕ್ಕೆ ಇರುವುದು ಗೇಟಿನ ಮೇಲಿನ ಕಿರಿದಾದ ಹಾದಿಯೊಂದೇ, ಅದು ಜನ ಓಡಾಡುವ ಸೇತುವೆಯಲ್ಲ, ಕಳಿಸುವುದೇ ಆದರೆ ನಾಲ್ಕೈದು ಜನರಂತೆ ಕಳಿಸಿ ಎಂದೆ. ಅವರು ತಲೆಯಾಡಿಸಿದರು. ಮೊದಮೊದಲು ಹಾಗೆಯೇ ದಾಟಿದರು ಕೂಡ. ಅಷ್ಟರಲ್ಲಿ ಯಾರೋ "ಎಣಸಾಕ ಹತ್ಯಾರ!" ಎಂದು ಕೂಗಿದರು. ಎಣಿಕೆ ತಪ್ಪೀತೆಂದು ಉಳಿದವರೆಲ್ಲ ಒಟ್ಟಿಗೆ ನುಗ್ಗಿದರು. ಆಚೆ ಹೋಗಿದ್ದ ಕೆಲವರು ಇಲ್ಲೇ ಬಿಟ್ಟಿದ್ದ ಬುತ್ತಿ ಗಂಟಿಗೆಂದು ವಾಪಸು ಹೊರಟಿದ್ದರು. ಎರಡು ಕಡೆಯವರೂ ಹಾದಿಯ ನಡುವೆ ಸಿಕ್ಕಿಬಿದ್ದರು.

ಕಟಕಟೆ ಮುರಿದ ಸದ್ದು ದೊಡ್ಡದೇನಲ್ಲ, ಒಣ ಜೋಳದ ದಂಟು ಮುರಿದಂತೆ ಅಷ್ಟೆ. ಇಬ್ಬರು ಹೆಂಗಸರು ನೀರಿಗೆ ಬಿದ್ದರು, ಅದೂ ನೀರು ಬಂದು ತುಂಬಿಕೊಳ್ಳುವ ಗೇಟಿನ ಮೇಲಿನ ಮಗ್ಗುಲಿಗೆ. ಅಲ್ಲಿ ಆಳೆತ್ತರಕ್ಕೂ ಮಿಕ್ಕಿದ ನೀರು. ನೋಡಿದರೆ ಶಾಂತವಾಗಿರುತ್ತದೆ. ಆದರೆ ಅರ್ಧ ತೆರೆದ ಗೇಟಿನ ಕೆಳಗಿಂದ ರಭಸವಾಗಿ ನುಗ್ಗುವಾಗ ಅದು ಕಾಲು ಹಿಡಿದು ಎಳೆಯುತ್ತದೆ. ಒಬ್ಬಾಕೆ ದಡದ ಹತ್ತಿರವೇ ಬಿದ್ದಿದ್ದಳು. ಗೌಡರ ಕಡೆಯ ಮೂರ್ನಾಲ್ಕು ಮಂದಿ ಕಣ್ಣು ಮಿಟುಕಿಸುವುದರಲ್ಲಿ ಜಿಗಿದು ಅವಳನ್ನು ಎಳೆದರು. ಇನ್ನೊಬ್ಬಳು ಹುಲಿಗೆಮ್ಮ. ಅವಳು ಸೆಳೆತಕ್ಕೆ ಸಿಕ್ಕಿ ಗೇಟಿನವರೆಗೂ ಹೋಗಿ ಸ್ಕ್ರೂ ರಾಡನ್ನು ಅಪ್ಪಿಕೊಂಡಿದ್ದಳು. ಮುಖ ಮಾತ್ರ ನೀರಿನ ಮೇಲಿತ್ತು.

ಅತ್ತ ಈಜಲು ಹೊರಟವರನ್ನು ನಾನೇ ಕೂಗಿ ತಡೆದೆ. ಹೋದವರೂ ಗೇಟಿನ ಕೆಳಗೆ ಹೋಗುತ್ತಿದ್ದರು. ಮೊದಲು ಗೇಟು ಮುಚ್ಚಬೇಕು, ಸೆಳೆತ ನಿಲ್ಲಬೇಕು. ಆದರೆ ತುಂಬಿದ ಕಾಲುವೆಯಲ್ಲಿ ಗೇಟು ಮುಚ್ಚಿದರೆ ಹಿಂದಿನ ನೀರು ಏರುತ್ತದೆ. ಎಡದಂಡೆ ಅಲ್ಲಿ ತಗ್ಗು, ದಂಡೆಯಾಚೆ ಶರಣೇಗೌಡರದೇ ಹೊಸ ನಾಟಿ. ಹೆಚ್ಚಾದ ನೀರನ್ನು ಹಳ್ಳಕ್ಕೆ ಬಿಡುವ ಎಸ್ಕೇಪ್ ಎಂಬ ತೂಬು ಇನ್ನೂ ಮೇಲೆ, ದೂರದಲ್ಲಿತ್ತು. ಸಹಾಯಕನೊಬ್ಬನನ್ನು ಸೈಕಲ್ ಕೊಟ್ಟು ಅದನ್ನು ತೆರೆಯಲು ಓಡಿಸಿದೆ. ಗೇಟ್‌ಮನ್ ಖಾಜಾಸಾಬನಿಗೆ "ಇಳಿಸು" ಎಂದೆ.

ಗೌಡರ ಕಡೆಯವನೊಬ್ಬ ಹ್ಯಾಂಡಲ್‌ಗೆ ಅಡ್ಡ ನಿಂತ. "ಸಾಹೇಬ್ರ, ಗೇಟು ಬಿತ್ತಂದ್ರ ಗೌಡ್ರ ನಾಟಿ ಪೂರಾ ಕೊಚ್ಚಿ ಹೋಗ್ತೈತ್ರಿ!"

ಅವನ ಮಾತು ಮುಗಿಯುವ ಮೊದಲೇ ಶರಣೇಗೌಡರು ಅವನ ರಟ್ಟೆ ಹಿಡಿದು ಸರಿಸಿದರು. "ಹೋದ್ರ ಹೋಗ್ಲಿ ಬಿಡಲೇ! ಖಾಜಾ, ಹಿಡಿ ಆ ಕಡೆ."

ಹ್ಯಾಂಡಲ್‌ನ ಒಂದು ತುದಿಗೆ ಖಾಜಾಸಾಬ, ಇನ್ನೊಂದು ತುದಿಗೆ ಗೌಡರು. ಸ್ಕ್ರೂ ಗೇಟು ಅವಸರಕ್ಕೆ ಇಳಿಯುವುದಿಲ್ಲ. ಒಂದು ಸುತ್ತು ತಿರುಗಿಸಿದರೆ ಕೂದಲೆಳೆಯಷ್ಟು, ಇನ್ನೊಂದು ಸುತ್ತು ತಿರುಗಿಸಿದರೆ ಮತ್ತೆ ಅಷ್ಟೇ. ಹುಲಿಗೆಮ್ಮನ ಕೈ ಒಮ್ಮೆ ಜಾರಿ ಮತ್ತೆ ಹಿಡಿದದ್ದನ್ನು ನಾನು ಮೇಲಿನಿಂದ ನೋಡಿದೆ. ಇಂದಿಗೂ ನನ್ನ ಕಣ್ಣ ಮುಂದೆ ಬರುವುದು ಆ ಗಳಿಗೆಯೇ. ಹಿತ್ತಲಿನ ನಲ್ಲಿ ತಿರುಗಿಸುವಾಗಲೂ ಕೆಲವೊಮ್ಮೆ ಯೋಚಿಸುತ್ತೇನೆ, ಆಕೆ ಕೈ ಬಿಟ್ಟಿದ್ದರೆ ಎಂದು.

ಆಕೆ ಬಿಡಲಿಲ್ಲ. ಗೇಟು ತಳಕ್ಕೆ ಕೂತಿತು, ನೀರು ಸುಮ್ಮನಾಯಿತು. ಈಜುಗಾರರು ಹೋಗಿ ಅವಳನ್ನು ದಡಕ್ಕೆ ತಂದರು. ಎಸ್ಕೇಪ್ ತೆರೆಯುವ ಹೊತ್ತಿಗೆ ದಂಡೆಯ ಮೇಲೆ ಹಾದ ನೀರು ಗೌಡರ ನಾಟಿಯ ಒಂದು ಮೂಲೆಯನ್ನು ಮಾತ್ರ ಮುಳುಗಿಸಿತ್ತು.

ಬೇವಿನ ನೆರಳಿನಲ್ಲಿ ಹುಲಿಗೆಮ್ಮ ನೀರು ಕಕ್ಕಿ ಕಣ್ಣು ಬಿಟ್ಟಳು. ಮೊದಲ ಮಾತು, "ನನ್ನ ಎಣಿಸ್ಯಾರೇನು? ಯಾ ದಂಡಿಗೆ ಹಿಡದಾರ?"

ಅಳುತ್ತಿದ್ದವರೂ ನಕ್ಕುಬಿಟ್ಟರು. ಗೌಡರು ಮಾತ್ರ ನಗಲಿಲ್ಲ. ಪಂಚೆಯ ತುದಿಯಿಂದ ಮುಖ ಒರೆಸಿಕೊಳ್ಳುತ್ತ ಹುಸೇನಪ್ಪನ ಕಡೆ ತಿರುಗಿದರು. "ಏನೋ ಹುಸೇನಪ್ಪ, ನಿಮ್ಮ ಹೆಣಮಗಳು ಮುಳಗಾಕತ್ತಾಳ, ನಿಮ್ಮ ಮಂದಿ ಒಬ್ಬನೂ ಜಿಗೀಲಿಲ್ಲಲ್ಲೋ? ಜಿಗಿದವರೆಲ್ಲ ನಮ್ಮವರು. ಇಂಥಾ ಧೈರ್ಯ ಇಟಗೊಂಡು ಪಕ್ಷ ನಡಸ್ತೀಯೇನು?"

ಹುಸೇನಪ್ಪ ಹುಲಿಗೆಮ್ಮನ ಪಕ್ಕದಿಂದ ಎದ್ದು ನಿಂತ. "ಧೈರ್ಯದ ಮಾತಲ್ರಿ ಗೌಡ್ರ. ನಮ್ಮೂರಾಗ ಯಾರಿಗೂ ಈಸು ಬರೂದಿಲ್ಲ. ಇರೂದೊಂದು ಬಾವಿ, ಅದು ಕುಡಿಯೂ ನೀರಿಂದು, ಇಳೀಗೊಡೂದಿಲ್ಲ. ಇನ್ನ ಕಾಲುವೆ ಅಂತೀರೇನು? ಮೊಳಕಾಲು ನೆನಿಯೂವಷ್ಟು ನೀರು ಅದರಾಗ ಯಾವಾಗ ಬಂದಾವ, ನೀವಾ ಹೇಳ್ರಿ."

ಒಂದೇ ಕಾಲುವೆ. ಮೇಲಿನವರು ಅದರಲ್ಲಿ ಈಜಿ ಬೆಳೆದಿದ್ದರು, ಕೆಳಗಿನವರಿಗೆ ಕಾಲು ತೊಳೆಯಲೂ ಅದು ಸಿಕ್ಕಿರಲಿಲ್ಲ. ನಾನು ದಿನವೂ ಆ ಕಾಲುವೆಯ ಗೇಜು, ಅಂದರೆ ನೀರಿನ ಮಟ್ಟದ ಅಳತೆಪಟ್ಟಿ, ನೋಡುತ್ತಿದ್ದವನು. ಆ ಪಟ್ಟಿಯಲ್ಲಿ ಇದು ಕಾಣುತ್ತಿರಲಿಲ್ಲ.

ವೀಕ್ಷಕರು, ಎಣಿಕೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣವೇ ಎಂದರು.

"ಇನ್ನೇನು ಎಣಸ್ತೀರಿ," ಅಂದರು ಗೌಡರು. "ನನ್ನ ಹೊಲಕ್ಕ ನೀರು ಬಂದಿಲ್ಲಂತ ನಾ ಇವತ್ತಿನ ತನಕ ಯಾ ಆಫೀಸಿಗೂ ಹೋದವನಲ್ಲ. ದಿನಾ ಹೋಗಬೇಕಾದವ ಇವ ಐದಾನ. ಅಧ್ಯಕ್ಷ ಇವನಾ ಆಗ್ಲಿ."

ಅವರ ಕಡೆಯವರು ಗೊಣಗಿದರು. ಹುಸೇನಪ್ಪ ಗೌಡರ ಜೀಪಿನ ಕಡೆ ನೋಡಿದ. ಆಮೇಲೆ ಅಂದ: "ಆಫೀಸಿಗೆ ಹೋಗಾಕ ಜೀಪು ನಿಮ್ಮದಾ ಬೇಕಾಕ್ಕೈತ್ರಿ ಗೌಡ್ರ."

"ಹತ್ತು ಮಗನ. ಡೀಸೆಲ್ ಮಾತ್ರ ಪಕ್ಷದ್ದು."

"ಪಕ್ಷದಾಗ ಏನೈತ್ರಿ, ಡೀಸೆಲ್ ಹಾಕಾಕ!" ಎಂದು ಯಾರೋ ಹಿಂದಿನಿಂದ ಕೂಗಿದರು. ಆಗ ಗೌಡರೂ ನಕ್ಕರು. ಎರಡೂ ದಡದವರು ಅಲ್ಲೇ ಬುತ್ತಿ ಬಿಚ್ಚಿದರು. ನನಗೂ ಒಂದು ರೊಟ್ಟಿ, ಪುಂಡಿಪಲ್ಯ ಬಂತು.

ಮುಂದಿನ ಚುನಾವಣೆಯಲ್ಲೂ ಆ ಪಕ್ಷ ಸೋತಿತು. ಆದರೆ ಹಂಗಾಮು ಶುರುವಾದರೆ ಸಾಕು, ಅದೇ ಜೀಪು ನನ್ನ ಕಚೇರಿಯ ಮುಂದೆ ನಿಲ್ಲುತ್ತಿತ್ತು. ಮುಂದೆ ಹುಸೇನಪ್ಪ, ಹಿಂದೆ ಗೌಡರು. ಹೆಚ್ಚು ನೀರು ಎಳೆದುಕೊಳ್ಳಲು ದಂಡೆಯಲ್ಲಿ ಇಟ್ಟಿದ್ದ ಅನಧಿಕೃತ ತೂಬು ಮುಚ್ಚಿಸಲು ಮೇಲ್ಭಾಗಕ್ಕೆ ಹೋದಾಗ ಗೌಡರು ನನ್ನ ಜೊತೆ ಬಂದರು. ಮೊದಲು ಮುಚ್ಚಿಸಿದ್ದು ಅವರ ತಮ್ಮನದೇ ತೂಬು. ಮುರಿದ ಕಟಕಟೆಯ ಜಾಗದಲ್ಲಿ ಹೊಸದು ಹಾಕಿಸಿದೆ, ಪಕ್ಕದಲ್ಲಿ ಜನರಿಗೆಂದು ಅಗಲವಾದ ಸೇತುವೆಯೂ ಆಯಿತು.

ತೊಂಬತ್ತರ ದಶಕದ ಆರಂಭದಲ್ಲಿ ನನಗೆ ವರ್ಗವಾಯಿತು. ಹೊರಡುವ ಮುನ್ನ ಕೆಳಭಾಗಕ್ಕೆ ಹೋಗಿದ್ದೆ. ಅಲ್ಲಿನ ಕಾಲುವೆಯಲ್ಲಿ ಎದೆಮಟ್ಟದ ನೀರಿತ್ತು. ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿಸಿಕೊಂಡ ಒಂದು ಹೆಣ್ಣು ಕೂಸು ಅದರಲ್ಲಿ ಕೈಕಾಲು ಬಡಿಯುತ್ತಿತ್ತು. ದಂಡೆಯ ಮೇಲೆ ಸೀರೆ ಮೇಲೆತ್ತಿ ಕೂತು ಬೈಯುತ್ತ ಕಲಿಸುತ್ತಿದ್ದವಳು ಹುಲಿಗೆಮ್ಮ. ತಾನು ಮಾತ್ರ ನೀರಿಗೆ ಇಳಿದಿರಲಿಲ್ಲ.

"ನನ್ನ ಮೊಮ್ಮಗಳ್ರಿ ಸಾಹೇಬ್ರ," ಅಂದಳು. "ಮುಂದಿನ ಎಣಿಕಿಗೆ ಈಕಿನ್ನ ಕಳಸ್ತೀನಿ."

ಅಲ್ಲಿಂದ ನಿವೃತ್ತಿಯವರೆಗೆ ನಾನು ಎಲ್ಲಿಗೆ ಹೋದರೂ ಹೊಸ ಕಾಲುವೆಯ ತಪಾಸಣೆಯನ್ನು ಬಾಲದಿಂದ ಶುರುಮಾಡಿದೆ. ಕಾಲುವೆ ಶುರುವಾಗುವ ತಲೆಯ ಗೇಜು ನೋಡುವುದಕ್ಕೆ ಮೊದಲು ಅಲ್ಲಿ ನಿಂತು, ಇಲ್ಲಿನ ಮಕ್ಕಳಿಗೆ ಈಜು ಬರುತ್ತದೆಯೇ ಎಂದು ಕೇಳುತ್ತಿದ್ದೆ.