ಬಾನೆಟ್ ಮೇಲಿನ ವಿಭೂತಿ

ಮೊದಲೇ ಹೇಳಿಬಿಡುತ್ತೇನೆ: ಆ ಕಾರಿನ ಬಾನೆಟ್ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದವನು ನಾನೇ. ಯಾರೂ ನನ್ನ ಕೈ ಹಿಡಿದು ಎಳೆಸಲಿಲ್ಲ. ಮಂತ್ರ ಹೇಳಿದವನೂ ನಾನೇ, ಗಂಟೆ ಅಲ್ಲಾಡಿಸಿದವನೂ ನಾನೇ, "ಒಣಗಿದೆ ಬುಡಿ ಭಾವ" ಎಂದು ಸರ್ಟಿಫಿಕೇಟ್ ಕೊಟ್ಟವನೂ ನಾನೇ. ಇಷ್ಟೊಂದು ಕೆಲಸ ಒಬ್ಬನೇ ಮಾಡಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ತೊಂಬತ್ತರ ದಶಕದ ಕೊನೆಯ ಮಾತು. ಡಿಗ್ರಿ ಕಾಲೇಜಿನಲ್ಲಿ ನಾನು ಲೆಕ್ಚರರುಗಳ ದನಿ ಕಲಿತೆನೇ ಹೊರತು ಆ ದನಿಯಲ್ಲಿ ಅವರು ಏನು ಹೇಳುತ್ತಿದ್ದರು ಎಂಬುದನ್ನು ಕಲಿಯಲಿಲ್ಲ. ಪರೀಕ್ಷೆಯಲ್ಲಿ ದನಿಗೆ ಮಾರ್ಕ್ಸ್ ಇರಲಿಲ್ಲ. ಫೇಲಾಗಿ ಉಪ್ಪಾರಹಳ್ಳಿಯ ಮನೆಯಲ್ಲಿ ಕೂತು ಅಪ್ಪನ ಕೆಮ್ಮನ್ನು ಅಪ್ಪನಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದಾಗ, ಅವರು ಒಂದು ಬೆಳಿಗ್ಗೆ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಗುಬ್ಬಿ ರಸ್ತೆಯ ಒಂದು ಶೆಡ್ಡಿಗೆ ಕರೆದೊಯ್ದರು. ಗುದ್ದಿಸಿಕೊಂಡು ಬಂದ ಕಾರುಗಳನ್ನು ತಟ್ಟಿ ನೆಟ್ಟಗೆ ಮಾಡಿ ಬಣ್ಣ ಹೊಡೆಯುವ ಜಾಗ. "ಕೆಟ್ಟೋಗಿರೋದ್ನೆಲ್ಲ ಸರಿ ಮಾಡ್ತಾರಂತೆ, ನೋಡಾನ" ಎಂದರು. ಕಾರಿನ ವಿಷಯ ಹೇಳುತ್ತಿದ್ದಾರೆ ಎಂದುಕೊಂಡೆ.

ಶೆಡ್ಡಿನ ಯಜಮಾನರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಅವರು ಕರಾರು ಹೇಳಿದರು.

"ಸಂಬಳ ಇಲ್ಲ. ಊಟ ನಿಮ್ಮನೆದು. ಹೇಳಿದ್ ಕೆಲಸ ಮಾಡ್ಬೇಕು. ನಂಗೆ ಸಮಾಧಾನ ಆದ್ ದಿನ ಗನ್ನು ಕೈಗೆ ಕೊಡ್ತೀನಿ."

ಗನ್ನು ಎಂದರೆ ಬಣ್ಣ ಚಿಮ್ಮಿಸುವ ಸ್ಪ್ರೇ ಗನ್. ಅದನ್ನು ಹಿಡಿದು, ಮುಖಕ್ಕೆ ಕರ್ಚೀಫು ಕಟ್ಟಿ, ಕಾರಿನ ಸುತ್ತ ಮೆಲ್ಲಗೆ ಹೆಜ್ಜೆ ಹಾಕುವ ನನ್ನನ್ನು ನಾನು ಆಗಲೇ ಕಂಡುಬಿಟ್ಟೆ. ಒಪ್ಪಿದೆ. ಪುಕ್ಕಟೆ ಚಾಕರಿಗೆ ಅಷ್ಟು ಖುಷಿಯಿಂದ ತಲೆಯಾಡಿಸಿದವನನ್ನು ಅಪ್ಪ ಅನುಮಾನದಿಂದಲೇ ನೋಡಿದರು.

ಹೇಳಿದ ಕೆಲಸ ಎಂದರೆ ಉಜ್ಜುವುದು. ತಗ್ಗಿದ ಕಡೆ ಪುಟ್ಟಿ ಹಚ್ಚುತ್ತಾರೆ, ಅದನ್ನು ಉಜ್ಜಬೇಕು. ಮೇಲೆ ಪ್ರೈಮರ್ ಹೊಡೆಯುತ್ತಾರೆ, ಅದನ್ನೂ ಉಜ್ಜಬೇಕು. ನೀರಲ್ಲಿ ಅದ್ದಿದ ವಾಟರ್ ಪೇಪರ್ ಹಿಡಿದು ಉಜ್ಜಿ ಉಜ್ಜಿ ನನ್ನ ಬೆರಳ ತುದಿ ಎಷ್ಟು ನುಣುಪಾಯಿತೆಂದರೆ, ಆಗ ನಾನು ಕಳ್ಳತನ ಮಾಡಿದ್ದರೆ ಪೊಲೀಸರಿಗೆ ಗುರುತೇ ಸಿಗುತ್ತಿರಲಿಲ್ಲ. ಮೇಸ್ತ್ರಿ ಬಂದು ಒಂದು ಕಣ್ಣು ಮುಚ್ಚಿ, ಅಂಗೈ ಸವರಿ, "ಇನ್ನೂ ಉಜ್ಜು" ಎನ್ನುತ್ತಿದ್ದರು. ಬಣ್ಣದ ವಿದ್ಯೆಯ ಮೊದಲ ಪಾಠ ಅದೇ, ಎರಡನೆಯದೂ ಅದೇ.

ನಾನು ಕಲಿತದ್ದು ಆ "ಇನ್ನೂ ಉಜ್ಜು"ವನ್ನು. ಮೂಗಿನಲ್ಲಿ ಹುಟ್ಟಿ ಗಂಟಲಲ್ಲಿ ಉರುಳುವ ದನಿ. ಮೇಸ್ತ್ರಿ ಟೀಗೆ ಹೋದಾಗ ಕಾರಿನ ಹಿಂದೆ ಕೂತು ಅದೇ ದನಿಯಲ್ಲಿ "ಏನ್ಲಾ, ಸುತ್ತಿಗೆ ಮಲಗೈತಾ?" ಎಂದರೆ ಟಿಂಕರ್ ಬೆಚ್ಚಿ ಎರಡೇಟು ಜಾಸ್ತಿ ಹೊಡೆಯುತ್ತಿದ್ದ. ಟಿಂಕರ್ ಎಂದರೆ ತಗಡು ತಟ್ಟುವವನು. ಮೂರನೇ ಸಲ ಅವನ ಕೈಗೆ ಸಿಕ್ಕಿಬಿದ್ದೆ.

"ಲೇ, ನೀನು ಕೂಗುದ್ರೆ ಶೆಡ್ಡು ನಡೀತದೆ, ಕೆಲಸ ಮಾಡುದ್ರೆ ನಿಲ್ತದೆ. ಕೂಗ್ತಾನೇ ಇರು" ಎಂದ.

ಇತ್ತ ನಮ್ಮ ಮನೆಯಲ್ಲಿ ನಾನು ಆಗಲೇ ದೊಡ್ಡ ಪೇಂಟರ್. ಕುಣಿಗಲ್‌ನಲ್ಲಿ ಮೇಷ್ಟರಾಗಿದ್ದ ಭಾವ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದರು. ಅದರ ಬಣ್ಣ ಹೋಗಿತ್ತು ಎನ್ನುವುದಕ್ಕಿಂತ ಬಣ್ಣವೇ ಅದನ್ನು ಬಿಟ್ಟು ಹೋಗಿತ್ತು ಎನ್ನಬೇಕು. "ನಾನ್ ಹೊಡ್ಕೊಡ್ತೀನಿ ಭಾವ" ಎಂದುಬಿಟ್ಟೆ. ಅಕ್ಕ ತನ್ನ ಆರತಕ್ಷತೆಯ ಸೀರೆ ತಂದು ತೋರಿಸಿ ಬದನೆಕಾಯಿ ಬಣ್ಣವೇ ಆಗಬೇಕು ಎಂದಳು. ಆಮೇಲೆ ಶೆಡ್ಡಿಗೆ ಬಂದು ಮೇಸ್ತ್ರಿಯ ಕಾಲು ಹಿಡಿಯುವುದೊಂದು ಬಾಕಿಯಿತ್ತು, ಹಿಡಿದೆ.

ಮೇಸ್ತ್ರಿ ಯೋಚಿಸಿದರು. "ಪೂರ್ತಿ ಕಾರು ನಾನ್ ಹೊಡೀತೀನಿ. ಬಾನೆಟ್ ಒಂದು ನಿಂದು. ಅದು ಚೆನ್ನಾಗ್ ಬಂತೋ, ನಾಳೆಯಿಂದ ಗನ್ನು ನಿಂದೇ. ಕೆಡ್ತೋ, ಉಜ್ಜೋದು ಅಷ್ಟೇ ನಿನ್ ಹಣೇಲಿ."

ಶನಿವಾರ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದೆವು. ಮೇಸ್ತ್ರಿ ಗನ್ನು ಕೈಗಿಟ್ಟರು. ನಾನು ಅವರ ಹೆಜ್ಜೆ, ಅವರ ಮೊಣಕೈ, ಅವರ ಉಸಿರು ಎಲ್ಲವನ್ನೂ ಅಣಕಿಸಿದೆ. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ ತಾನೆ. ಆಶ್ಚರ್ಯ, ಬಾನೆಟ್ ಕನ್ನಡಿಯಂತೆ ಬಂತು. ಮೇಸ್ತ್ರಿ ಒಂದು ಕಣ್ಣು ಮುಚ್ಚಿ ನೋಡಿದರು. "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಆ ಮಾತು ಬಂದದ್ದನ್ನು ಟಿಂಕರ್ ಕೂಡ ಸುತ್ತಿಗೆ ನಿಲ್ಲಿಸಿ ಕೇಳಿಸಿಕೊಂಡ.

ಭಾನುವಾರ ಮೇಸ್ತ್ರಿಗೆ ಗುಬ್ಬಿಯಲ್ಲಿ ನೆಂಟರ ಮನೆ ಊಟ. ಹೋಗುವಾಗ, "ಮೇಲೆ ಒಣಗ್ದಂಗ್ ಕಾಣ್ತದೆ, ಒಳಗೆ ಹಸಿ ಇರ್ತದೆ. ಯಾರೂ ಮುಟ್ಟಂಗಿಲ್ಲ. ನೀನೂ" ಎಂದರು. ಆ "ನೀನೂ" ಎಂಬುದನ್ನು ನಾನು ಆಗಲೇ ಅವರ ದನಿಯಲ್ಲಿ ಟಿಂಕರ್‌ಗೆ ಹೇಳಿ ತೋರಿಸುತ್ತಿದ್ದೆ. ಅರ್ಥದ ಕಡೆ ಗಮನ ಕೊಡಲು ಪುರುಸೊತ್ತಿರಲಿಲ್ಲ.

ಮಧ್ಯಾಹ್ನ ಅಕ್ಕ ಭಾವ ಬಸ್ಸಿಳಿದು ಬಂದರು. ಕಾರು ನೋಡಲು ಬಂದವರ ಕೈಯಲ್ಲಿ ಸೇವಂತಿಗೆ ಹಾರ, ತೆಂಗಿನಕಾಯಿ, ನಿಂಬೆಹಣ್ಣು, ತಾಮ್ರದ ತಟ್ಟೆ, ಅದರಲ್ಲಿ ವಿಭೂತಿ, ಕುಂಕುಮ, ಕರ್ಪೂರ, ಗಂಟೆ.

"ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳ್ಗೆ ಪೂಜೆ ಮುಗೀಬೇಕು ಕಣೋ" ಎಂದಳು ಅಕ್ಕ. "ಪೂಜಾರ್ರನ್ನ ಎಲ್ಲಿಂದ ತರಾದು ಈಗ?"

ಹೀಗೆ ಕೇಳಬಾರದಿತ್ತು. ನಮ್ಮ ಬೀದಿಯ ಗಣಪತಿ ಗುಡಿಯ ಪೂಜಾರಿಯ ದನಿ ನನ್ನ ಬಳಿ ಬಹಳ ದಿನದಿಂದ ಸುಮ್ಮನೆ ಬಿದ್ದಿತ್ತು.

ಭಾವ ಮೇಷ್ಟರಲ್ಲವೇ, ಒಂದು ಪ್ರಶ್ನೆ ಕೇಳಿದರು: "ಬಣ್ಣ ಒಣಗೈತೇನಪ್ಪ?"

"ಒಣಗಿದೆ ಬುಡಿ ಭಾವ. ಹೊಡ್ದೋನು ನಾನು, ನಂಗ್ ಗೊತ್ತಿಲ್ವಾ?"

ಪೂಜಾರಿಯ ಹಾಗೆ ಟವೆಲ್ ಹೊದ್ದು, ಮೂಗಿನಲ್ಲಿ ಮಂತ್ರ ಎಳೆದು, ನಡುನಡುವೆ ಅವರ ಹಾಗೆಯೇ "ದಕ್ಷಿಣೆ ಎಲ್ಲಮ್ಮ?" ಎಂದು ಕೇಳಿ, ಮೂರು ಬೆರಳು ವಿಭೂತಿಯಲ್ಲಿ ಅದ್ದಿ ಬಾನೆಟ್ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದೆ. ನಡುವೆ ಕುಂಕುಮ. ಹಾರ ಇಟ್ಟೆ. ಕರ್ಪೂರ ಹಚ್ಚಿ ಬೆಳಗಿ ತಟ್ಟೆಯನ್ನೂ ಅಲ್ಲೇ ಇಟ್ಟೆ. ಅಕ್ಕ ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಅಷ್ಟು ಒಳ್ಳೆಯ ಪ್ರೇಕ್ಷಕರು ನನಗೆ ಮತ್ತೆ ಸಿಕ್ಕಿಲ್ಲ.

ತಟ್ಟೆ ಎತ್ತಿದರೆ ಬರಲಿಲ್ಲ. ಜೋರಾಗಿ ಎತ್ತಿದೆ. ಬಂತು, ಬದನೆಕಾಯಿ ಸಿಪ್ಪೆಯನ್ನೂ ಜೊತೆಗೆ ತಂದಿತು. ಹಾರ ತೆಗೆದೆ, ದಾರ ಬಂತು, ಹೂವು ಅಲ್ಲೇ ಅರಳಿಕೊಂಡಿತು. ವಿಭೂತಿ ಒರೆಸಲು ಹೋದೆ. ಅದು ಒರೆಸುವ ವಿಭೂತಿಯಾಗಿ ಉಳಿದಿರಲಿಲ್ಲ. ನನ್ನ ಮೂರು ಬೆರಳೂ ಬಾನೆಟ್ಟಿನಲ್ಲಿ ಗೆರೆ ಗೆರೆಯಾಗಿ ಇಳಿದಿದ್ದವು.

ಅಕ್ಕನ ನಗು ನಿಂತಿತು. ಭಾವ ಮೆಲ್ಲಗೆ, "ನಂಗ್ ಗೊತ್ತಿಲ್ವಾ ಅಂದ್ಯಲ್ಲಪ್ಪ" ಎಂದರು.

ಅಷ್ಟರಲ್ಲಿ ಮೇಸ್ತ್ರಿ ಗುಬ್ಬಿಯಿಂದ ಬಂದರು, ಬಾಯಲ್ಲಿ ಊಟದ ಎಲೆಅಡಿಕೆ. ಟಿಂಕರ್ ಕಾರಿನ ಕಡೆ ಸುತ್ತಿಗೆ ತೋರಿಸಿದ. ಪೂಜಾರಿಯ ಟವೆಲ್ ಇನ್ನೂ ನನ್ನ ಹೆಗಲ ಮೇಲಿತ್ತು. ಪೂಜಾರಿಯ ದನಿಯಲ್ಲೇ "ದೇವ್ರೇ ಬಂದು ನಿಂತವ್ನೆ ಮೇಸ್ತ್ರಿ" ಎಂದೆ. ಯಾರೂ ನಗಲಿಲ್ಲ. ಆಗ ಮೊದಲ ಸಲ ನನ್ನ ಸ್ವಂತ ದನಿ ಹುಡುಕಬೇಕಾಯಿತು, ಸಿಕ್ಕಿದ್ದು ಬಹಳ ಸಣ್ಣದು.

"ಮೇಸ್ತ್ರಿ, ತಪ್ಪಾಯ್ತು. ಇನ್ನೊಂದ್ ವರ್ಷ ಬಿಟ್ಟಿ ಕೆಲಸ ಮಾಡ್ತೀನಿ. ಇನ್ನೊಂದೇ ಒಂದ್ಸಲ ಗನ್ನು ಕೊಡಿ."

ಮೇಸ್ತ್ರಿ ಒಂದು ಕಣ್ಣು ಮುಚ್ಚಿ ಬಾನೆಟ್ ನೋಡಿದರು. ಹಾಗೆಯೇ ನನ್ನನ್ನೂ ನೋಡಿದರು. ಎಲೆಅಡಿಕೆ ಉಗಿದು ಬಂದು, ಗನ್ನನ್ನು ಮೊಳೆಗೆ ನೇತುಹಾಕಿ ಹೇಳಿದರು:

"ಪುಕ್ಕಟೆ ಕೆಲಸಕ್ ಬಂದೋನು ಇಷ್ಟ್ ದುಬಾರಿ ಆಯ್ತಾನೆ ಅಂತ ಗೊತ್ತಿದ್ರೆ, ಮೊದಲ್ನೇ ದಿನಾನೇ ಸಂಬಳ ಕೊಟ್ಟು ಮನೇಲೇ ಕೂರುಸ್ತಿದ್ದೆ ಕಣಪ್ಪ."