ಸಂಜೆ ಮಾವ ಬೆಳಿಗ್ಗೆಯೇ ಬಂದದ್ದು

ಮೂವತ್ತು ವರ್ಷ ಒಂದೇ ದಾರಿಯಲ್ಲಿ ಬಸ್ಸು ಓಡಿಸಿದ ಆತನನ್ನು ದಾರಿಯ ಎರಡು ತುದಿಯ ಊರಿನವರೂ ಸಂಜೆ ಮಾವ ಎಂದೇ ಕರೆಯುತ್ತಿದ್ದರು. ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಯಾರೇ ಕೇಳಲಿ, "ಸಂಜೆಗೆ" ಎನ್ನುವುದರ ಹೊರತು ಬೇರೆ ಮಾತಿಲ್ಲ. ಬೆಟ್ಟವನ್ನು ಬಳಸಿ, ಹೊಳೆಯ ದಂಡೆ ಹಿಡಿದು ಹೋಗುವ ಮುನ್ನೂರು ಕಿಲೋಮೀಟರ್ ರಸ್ತೆ ಅದು. ಟೈರು ಸಿಡಿಯಬಹುದು, ದನ ಅಡ್ಡ ಮಲಗಬಹುದು. ಕೊಟ್ಟ ಮಾತಿಗೆ ತಪ್ಪುವುದಕ್ಕಿಂತ ಸಂಜೆ ಎಂದುಬಿಡುವುದೇ ಲೇಸು.

ಆಚೆ ಊರಿನಲ್ಲಿ ಆತನ ಅಕ್ಕನ ಮನೆ. ದಿನವಿಡೀ ಸ್ಟಿಯರಿಂಗ್ ತಿರುಗಿಸಿ ಬಂದವನಿಗೆ ಆಕೆ ಬಸ್ ನಿಲ್ದಾಣಕ್ಕೇ ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದಳು. ಚಹಾ ಆರುವಷ್ಟು ಹೊತ್ತು ಮಾತು. ಆಮೇಲೆ ಡಿಪೋದಲ್ಲಿ ನಿದ್ದೆ, ನಸುಕಿಗೇ ವಾಪಸು ಪ್ರಯಾಣ.

ಆತ ನಿವೃತ್ತನಾದ ಮೇಲೆ ಅಕ್ಕನ ಕಣ್ಣಿಗೆ ಪೊರೆ ಬಂತು. ಕಣ್ಣಿನ ಡಾಕ್ಟರು ಆ ಊರಿಗೆ ಮೂರು ತಿಂಗಳಿಗೊಮ್ಮೆ, ಒಂದೇ ದಿನ ಬರುವವರು. "ತಮ್ಮ ಬಂದು ಪಕ್ಕದಲ್ಲಿ ನಿಲ್ಲದೆ ನನ್ನ ಕಣ್ಣು ಮುಟ್ಟಬೇಡಿ" ಎಂದು ಅಕ್ಕ ಹಟ ಹಿಡಿದಳು. ಅದೇ ವಾರ ಮಣ್ಣು ಕುಸಿದು ರಸ್ತೆ ಮುಚ್ಚಿತು. ಉಳಿದದ್ದು ಪುಟ್ಟ ವಿಮಾನವೊಂದೇ.

ಟಿಕೆಟ್ ಕೊಡುವಾತ, "ನೂರಮೂವತ್ತು ಕಿಲೋಮೀಟರ್, ಮೂವತ್ತೈದು ನಿಮಿಷ" ಎಂದ.

"ಊಟಕ್ಕೆ ಎಲ್ಲಿ ನಿಲ್ಲಿಸ್ತೀರಿ?"

"ನಿಲ್ಲಿಸಿದ್ರೆ ಬಿದ್ದೋಗ್ತೀವಿ, ಯಜಮಾನ್ರೇ."

ಅಕ್ಕನ ಮಗ ಫೋನು ಮಾಡಿ, "ಮಾವ, ಎಷ್ಟೊತ್ತಿಗೆ ಬರ್ತೀರಿ?" ಎಂದು ಕೇಳಿದ.

"ಸಂಜೆಗೆ."

ಹೆಂಡತಿ ನಕ್ಕಳು. "ಎಂಟಕ್ಕೆ ಹೊರಡೋ ವಿಮಾನ, ಸಂಜೆ ತನಕ ಮೇಲೇನ್ಮಾಡುತ್ತೆ? ಅಲ್ಲೂ ದನ ಅಡ್ಡ ಮಲಗುತ್ತಾ?"

"ದಾರಿ ವಿಷಯ ನಿಂಗೇನ್ ಗೊತ್ತು, ಸುಮ್ನಿರು."

ಹುಟ್ಟುಗುಣ ಸುಟ್ಟರೂ ಹೋಗದು. ಅಕ್ಕನ ಮಗ ಸಂಜೆ ಎಂಬ ಮಾತನ್ನು ನಂಬಿ, ಡಾಕ್ಟರನ್ನು ಕಾಡಿ ಬೇಡಿ, ಶಸ್ತ್ರಚಿಕಿತ್ಸೆಯನ್ನು ದಿನದ ಕೊನೆಯ ಸರದಿಗೆ ಹಾಕಿಸಿದ.

ಕಿಟಕಿಯಿಂದ ನೋಡಿದರೆ ತಾನು ಸವೆಸಿದ ರಸ್ತೆ ಯಾರೋ ಬಿಸಾಡಿದ ದಾರದಂತೆ ಬೆಟ್ಟದ ಸುತ್ತ ಸಿಕ್ಕುಬಿದ್ದಿತ್ತು. ವಿಮಾನ ಇಳಿಯುವಾಗ ಆತನ ಬಲಗಾಲು ತಾನಾಗಿಯೇ ಬ್ರೇಕು ಒತ್ತಿತು. ಹೊರಗೆ ಬಂದರೆ ಎಳೆಬಿಸಿಲು. ಎದುರುಗೊಳ್ಳಲು ನರಪಿಳ್ಳೆಯೂ ಇಲ್ಲ. ಆಟೋ ಹಿಡಿದು ಮನೆಯ ಬಾಗಿಲು ಬಡಿದ.

"ಯಾರದು?"

"ನಾನೇ, ಅಕ್ಕ."

"ಸಂಜೆ ಅಂದಿದ್ದೆಯಲ್ಲೋ? ಹೊರಟೇ ಇಲ್ವೇನೋ ಅಂತಿದ್ದೆ."

"ಹೊರಟೆ. ಸೀಟಲ್ಲಿ ಸರಿಯಾಗಿ ಕೂರೋದ್ರೊಳಗೆ ಇಳಿಸಿಬಿಟ್ರು."

ಅಕ್ಕ ಆತನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. "ನಿನ್ನ ಹಗಲಲ್ಲಿ ನೋಡಿ ಎಷ್ಟು ಕಾಲ ಆಯ್ತೋ. ಕೂದಲೆಲ್ಲ ಎಲ್ಲಿ ಇಳಿಸಿ ಬಂದೆ?"

ಚಹಾ ಆರಿತು, ಮತ್ತೆ ಕಾಯಿಸಿದರು, ಮತ್ತೆ ಆರಿತು. ತೀರಿಹೋದ ಅಮ್ಮನ ಸಿಟ್ಟು, ಚಿಕ್ಕಪ್ಪನ ಗೊರಕೆ, ಬಾಲ್ಯದಲ್ಲಿ ಜಗಳವಾಡಿ ಮುರಿದ ಸ್ಲೇಟು, ಎಲ್ಲ ಒಂದೊಂದಾಗಿ ಬಂದವು. ಆತನ ತಪ್ಪು ಲೆಕ್ಕದಿಂದ ಇಬ್ಬರಿಗೂ ಇಡೀ ಹಗಲೊಂದು ದಕ್ಕಿತ್ತು.

ಸಂಜೆ ಆಸ್ಪತ್ರೆಯಲ್ಲಿ ಅಕ್ಕ ತಮ್ಮನ ಕೈ ಹಿಡಿದು ಮಲಗಿದಳು.

"ಅರ್ಧ ಗಂಟೆ ಸಾಕು, ಅಮ್ಮ" ಎಂದರು ಡಾಕ್ಟರು.

ಅಕ್ಕ ಅವರನ್ನು ಬಿಟ್ಟು ತಮ್ಮನತ್ತ ಮುಖ ತಿರುಗಿಸಿದಳು. "ನೀನು ಹೇಳೋ, ಎಷ್ಟೊತ್ತಾಗುತ್ತೆ?"



"ಅರ್ಧ ಗಂಟೆ ಅಂದ್ರೆ ಅರ್ಧ ಗಂಟೇನೇ, ಅಕ್ಕ" ಎಂದ ಸಂಜೆ ಮಾವ.

ಆಕೆ ನಿಶ್ಚಿಂತೆಯಿಂದ ಕೈ ಬಿಟ್ಟಳು.