ಷೆಡ್ಡಿಗೊಂದು ಹೊಸಿಲು

ಮುಖಕ್ಷೌರ ಮಾಡಿಕೊಳ್ಳುವಾಗಲೇ ಎರಡು ಕಡೆ ಕೊಯ್ದುಕೊಳ್ಳುವ ನಾನು ಗರಗಸ ಹಿಡಿಯಬಾರದಿತ್ತು. ಹಿಡಿದದ್ದು ಮಾವನವರ ಮೇಲಿನ ಹಟಕ್ಕೆ. ಬೇಲೂರಿನವರಾದ ಅವರು ನನ್ನ ಮದುವೆಯ ಪಂಕ್ತಿಯಲ್ಲೇ, “ಅಳಿಯಂದಿರು ಸ್ಕೂಲ್ ಮೇಷ್ಟ್ರು. ಸೀಮೆಸುಣ್ಣಕ್ಕಿಂತ ಭಾರವಾದದ್ದನ್ನ ಎತ್ತಿದವರಲ್ಲ” ಎಂದು ನೆಂಟರಿಗೆ ಪರಿಚಯ ಮಾಡಿಕೊಟ್ಟಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹತ್ತು ವರ್ಷವಾದರೂ ಆ ಹೋಳಿಗೆ ನನಗೆ ಅರಗಿರಲಿಲ್ಲ.

ಹೀಗಿರುವಾಗ ಅವರ ಕಾಗದ ಬಂತು. ಕಾರು ಕೊಂಡಿದ್ದಾರಂತೆ. ತಾವೇ ಓಡಿಸಿಕೊಂಡು ಅರಸೀಕೆರೆಗೆ ಬಂದು, ಅದನ್ನು ನಮ್ಮ ಷೆಡ್ಡಿನಲ್ಲಿ ಬಿಟ್ಟು, ರೈಲು ಹತ್ತಿ ಎಂಟು ದಿನ ಬೆಂಗಳೂರಿಗೆ ಹೋಗಿಬರುತ್ತಾರಂತೆ. ‘ಬಾಗಿಲು ಭದ್ರವಾಗಿದೆಯಷ್ಟೆ?’ ಎಂದು ಕೊನೆಯಲ್ಲಿ ಕೇಳಿದ್ದರು.

ಆ ಷೆಡ್ಡನ್ನು ಮೋಟಾರಿಗೆಂದು ಕಟ್ಟಿಸಿದವರು ಮನೆಯ ಹಿಂದಿನ ಯಜಮಾನರು. ನಾವು ಅದರಲ್ಲಿ ತೆಂಗಿನಕಾಯಿ ರಾಶಿ ಹಾಕಿದ್ದೆವು. ಮರದ ಜೋಡಿ ಬಾಗಿಲು ಬಿಸಿಲು ಮಳೆ ತಿಂದು, ಕೆಳಗಿನ ಒಂದು ಗೇಣು ಕಾಫಿಯಲ್ಲಿ ನೆನೆದ ರಸ್ಕಿನಂತಾಗಿತ್ತು. ಹೆಗ್ಗಣಗಳಂತೂ ತಲೆ ಸಹ ತಗ್ಗಿಸದೆ ಓಡಾಡುತ್ತಿದ್ದವು.

ರಜಾ ಹಾಕಿ ಆ ಒಂದು ಗೇಣನ್ನು ನಾನೇ ಕೊಯ್ದೆ. ಎರಡು ದಿನ ಹಿಡಿಯಿತು. ಉಳಿದ ಹಲಗೆಗೆ ಉಪ್ಪುಕಾಗದ ಉಜ್ಜಿ ಅಗಸೆ ಎಣ್ಣೆ ಕುಡಿಸಿದೆ. ಅಂಗೈಯ ಬೊಬ್ಬೆಗಳನ್ನು ಹೆಂಡತಿಗೆ ಬೇಕೆಂದೇ ತೋರಿಸಿದೆ. ಆದರೆ ಬಾಗಿಲ ಕೆಳಗೆ ಈಗ ಗೇಣುದ್ದದ ಸಂದು ಬಿದ್ದಿತ್ತು. ಬಡಗಿ ಸಿದ್ದಾಚಾರಿಯನ್ನು ಕರೆಸಿ, ಹೆಗ್ಗಣ ನುಗ್ಗದಂತೆ ಏನಾದರೂ ಮಾಡಪ್ಪ ಎಂದೆ.

“ಅದುಕ್ಯಾಕ್ ಚಿಂತೆ ಸ್ವಾಮಿ? ಒಂದ್ ಹೊಸ್ಲು ಕೂರ್ಸಿದ್ರೆ ಸಂದೂ ಮುಚ್ತದೆ, ಬಾಗ್ಲಿಗೂ ಲಕ್ಷಣ.”

ಹೊಸಿಲೆಂದರೆ ನಮ್ಮಮ್ಮನಿಗೆ ಲಕ್ಷ್ಮಿಯ ಪೀಠ. ಹಲಸಿನ ತೊಲೆ ಬಂತು, ಭದ್ರವಾಗಿ ಕೂತಿತು. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ರಂಗೋಲಿ ಬಿಟ್ಟು, ಕಾಯಿ ಒಡೆದರು. ಬಾಗಿಲು ಹಾಕಿದರೆ ಇರುವೆಗೂ ದಾರಿಯಿಲ್ಲ. ಮಾವನವರ ಮುಖವನ್ನು ನೆನೆದು ನಾನು ಎರಡು ದಿನ ಮುಂಚಿತವಾಗಿಯೇ ಹಿಗ್ಗಿದೆ.

ಅವರು ಬಂದರು. ಕಾರು ಷೆಡ್ಡಿನವರೆಗೆ ಬಂದು ಗೇಣೆತ್ತರದ ಹೊಸಿಲಿನ ಮುಂದೆ ನಿಂತಿತು. ಮಾವನವರು ಹೊಸಿಲನ್ನು ನೋಡಿದರು, ಚಕ್ರವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹೊಗಳಿಕೆ ಕೇಳಲು ಬಂದಿದ್ದ ಸಿದ್ದಾಚಾರಿ ಮೆಲ್ಲಗೆ ಹೇಳಿದ:

“ಮೋಟಾರು ಅಂತ ಒಂದ್ ಮಾತು ಅಂದಿದ್ರೆ ಸಾಕಾಗಿತ್ತು ಸ್ವಾಮಿ. ನೀವು ಹೆಗ್ಗಣ ಅಂದ್ರಿ.”

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹಲಗೆ ಹಾಸಿ ಹತ್ತಿಸೋಣವೆಂದೆ. “ನಾವು ಕಾಲು ಸೋಕಿಸದ ಹೊಸಿಲ ಮೇಲೆ ಚಕ್ರ ಹತ್ತಿಸ್ತೀಯೇನೋ?” ಎಂದರು ಅಮ್ಮ. ಹಾಗಾದರೆ ಕೀಳಿಸೋಣವೆಂದೆ. ಅಮ್ಮ ಸೆರಗು ಕೊಡವಿ ಮನೆಯೊಳಗೆ ಹೋದರು. ಆ ಉತ್ತರದ ಅರ್ಥ ನನಗೆ ಚಿಕ್ಕಂದಿನಿಂದ ಗೊತ್ತು.

ಆಗ ಮಾವನವರು ಬಲಗಾಲು ಮುಂದಿಟ್ಟು ಹೊಸಿಲು ದಾಟಿ ಷೆಡ್ಡಿನೊಳಗೆ ಹೋದರು. “ಇರಲಿ ಬಿಡಿ. ಹಳೇಬೀಡಲ್ಲಿ ಈಶ್ವರ ಒಳಗೆ, ನಂದಿ ಆಚೆ ಮಂಟಪದಲ್ಲಿ. ವಾಹನ ಆಚೆ ಇರೋದೇ ಶಾಸ್ತ್ರ” ಎಂದರು. ಯೋಚಿಸಿದರೆ ನಿಜ. ಬೇಲೂರಿನಲ್ಲೂ ಗರುಡ ಕೈಮುಗಿದು ಆಚೆಯೇ ನಿಂತಿದ್ದಾನೆ. ಕಲ್ಲಿನಲ್ಲಿ ಬಳೆ ಬಳೆಯನ್ನೂ ಬಿಡಿಸಿದ ಆ ಶಿಲ್ಪಿಗಳು ವಾಹನಕ್ಕೆ ಒಳಗೆ ಜಾಗ ಬಿಡಲು ಮರೆತರೆಂದು ಯಾರೂ ಹೇಳುವುದಿಲ್ಲ. ನನಗೂ ಅಷ್ಟೇ ಮರ್ಯಾದೆ ಸಿಕ್ಕಿದ್ದಕ್ಕೆ ಕಣ್ಣು ತುಂಬಿ ಬಂತು.

ಷೆಡ್ಡಿನ ಮುಂದೆ ಗರಿಯ ಚಪ್ಪರ ಹಾಕಿ ಕಾರು ನಿಲ್ಲಿಸಿದೆವು. ಮಾವನವರು ರೈಲು ಹತ್ತಿದರು. ಕಾವಲು ನನ್ನದು. ಎಂಟು ದಿನವೂ ನಾನು ಚಾಪೆ ಹಾಸಿಕೊಂಡು ಷೆಡ್ಡಿನೊಳಗೆ ಮಲಗಿದೆ. ಅಷ್ಟು ಬೊಬ್ಬೆ ತರಿಸಿಕೊಂಡು ಭದ್ರ ಮಾಡಿದ ಬಾಗಿಲನ್ನು ಒಂದು ದಿನವೂ ಹಾಕಲಾಗಲಿಲ್ಲ. ಹಾಕಿದರೆ ಕಾರು ಕಾಣುತ್ತಿರಲಿಲ್ಲ.